ಗುನುಗಿನ ರೆಕಾರ್ಡು

ನಮ್ಮ ಚಿಕ್ಕಮ್ಮನ ಬದುಕಿನಲ್ಲಿ ಇಬ್ಬರು ಗಂಡಸರು, ಒಬ್ಬರು ಮನೆಯಲ್ಲಿ, ಇನ್ನೊಬ್ಬರು ಅಂಗಡಿಯ ಗೋಡೆಯ ಮೇಲೆ ಎಂದು ನಾನು ಹಂಗಿಸುತ್ತಿದ್ದ ಕಾಲವಿತ್ತು. ಅವಳೂ ನಗುತ್ತಿದ್ದಳು. ಗೋಡೆಯ ಮೇಲಿನ ಫೋಟೋದವರೆಂದರೆ ಮೇಷ್ಟ್ರು. ದೊಡ್ಡ ವಾದ್ಯವೃಂದದ ಮುಂದೆ ನಿಂತು, ಸಣ್ಣ ಕೋಲು ಹಿಡಿದು, ನೂರಾರು ತಂತಿ ಕಹಳೆಗಳನ್ನು ಒಂದೇ ಉಸಿರಿಗೆ ತರುವ ಮನುಷ್ಯ. ಅವರ ನಿಜವಾದ ಹೆಸರು ಜಗತ್ತಿಗೆಲ್ಲ ಗೊತ್ತಿತ್ತು, ಚಿಕ್ಕಮ್ಮನ ಬಾಯಲ್ಲಿ ಮಾತ್ರ ಅದು ಬಂದದ್ದೇ ಇಲ್ಲ. ಮಗ್ಗಿ ಕಲಿಸಿದವರ ಬಗ್ಗೆ ಮಾತಾಡುವ ಹಾಗೆ ‘ನಮ್ಮ ಮೇಷ್ಟ್ರು’ ಎನ್ನುತ್ತಿದ್ದಳು.

ನನ್ನ ಅಪ್ಪನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ಕೈ ಬೀಸೋ ಕೆಲಸಕ್ಕೆ ಇಷ್ಟೊಂದು ಹೆಸರಾ? ನಾನೂ ದಿನಾ ಸಾಯಂಕಾಲ ಸೊಳ್ಳೆ ಓಡಿಸ್ತೀನಲ್ಲ, ನನ್ನ ಫೋಟೋನೂ ಹಾಕ್ಕೊ,” ಎನ್ನುತ್ತಿದ್ದರು. ಚಿಕ್ಕಮ್ಮ ಮೂಗು ಮುರಿಯುತ್ತಿದ್ದಳು. ಸಂಗೀತದ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಅಷ್ಟಕ್ಕಷ್ಟೇ. ಅವಳೊಬ್ಬಳಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ತಿಳಿಯದು. ಓದು ತಲೆಗೆ ಹತ್ತಲಿಲ್ಲವೆಂದು ವಾದ್ಯಗಳ ಅಂಗಡಿಯಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದವಳು, ವರ್ಷಗಳು ಕಳೆಯುವಷ್ಟರಲ್ಲಿ ಅಂಗಡಿಯ ಹಿಂಭಾಗದ ರೆಕಾರ್ಡುಗಳ ವಿಭಾಗಕ್ಕೆ ತಾನೇ ದೊಣ್ಣೆನಾಯಕಿಯಾಗಿ ಕುಳಿತಿದ್ದಳು.

ನನ್ನ ಕನ್ನಡಕದ ಅಂಗಡಿ ಇರುವುದು ರಸ್ತೆಯ ಈಚೆ ಬದಿಗೆ, ಅವಳ ಅಂಗಡಿಗೆ ಎದುರಾಗಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ. ಮುಂದುಗಡೆ ತಂತಿ, ಪಿಟೀಲಿನ ಕಮಾನು, ಅದಕ್ಕೆ ಹಚ್ಚುವ ಮೇಣ ಮಾರುವ ಗದ್ದಲ. ಹಿಂದೆ ಹೋದರೆ ಗೋಡೆಯುದ್ದಕ್ಕೂ ಮರದ ಹಲಗೆಗಳು, ಅವುಗಳ ತುಂಬ ರೆಕಾರ್ಡಿನ ತಟ್ಟೆಗಳು, ಕೇಳಿ ನೋಡುವವರಿಗೆಂದು ಒಂದು ಕುರ್ಚಿ, ಪಕ್ಕದಲ್ಲಿ ತಟ್ಟೆ ತಿರುಗಿಸುವ ಯಂತ್ರ. ಹಳೆಯ ರಟ್ಟಿನ ವಾಸನೆ. ಚಿಕ್ಕಮ್ಮ ಮೆತ್ತನೆಯ ಬ್ರಶ್ಶಿನಿಂದ ತಟ್ಟೆಯ ಧೂಳು ತೆಗೆಯುತ್ತಾ, ಬಂದವರ ಮುಖ ನೋಡುತ್ತಾ ಕುಳಿತಿರುತ್ತಿದ್ದಳು.

ಯಾವ ಸಂಗೀತ ಇಷ್ಟ ಎಂದು ಅವಳು ಯಾರನ್ನೂ ಕೇಳಿದವಳಲ್ಲ. “ನಿದ್ದೆ ಸರಿಯಾಗಿ ಬರುತ್ತಾ? ಮನೇಲಿ ಯಾರ್ಯಾರಿದಾರೆ?” ಎಂದು ವೈದ್ಯರ ಹಾಗೆ ಶುರು ಮಾಡುತ್ತಿದ್ದಳು. ಆಮೇಲೆ ಮೇಷ್ಟ್ರ ರೆಕಾರ್ಡುಗಳಲ್ಲಿ ಒಂದನ್ನು ಎಳೆದು ಕೈಗೆ ಕೊಡುತ್ತಿದ್ದಳು. ಕೃತಿಯ ಹೆಸರು, ಸಂಖ್ಯೆ, ಸ್ವರ ಎಲ್ಲ ಜನಕ್ಕೆ ನೆನಪಿರುವುದಿಲ್ಲವೆಂದು ಅವಳೇ ಒಂದೊಂದಕ್ಕೆ ಹೆಸರಿಟ್ಟಿದ್ದಳು. ಹೊಸದಾಗಿ ಮದುವೆಯಾದವರಿಗೆ ‘ಜಗಳದ್ದು’. ಅದರಲ್ಲಿ ಪಿಟೀಲುಗಳು ಒಂದು ಮಾತು ಆಡಿದರೆ ಕಹಳೆಗಳು ಎರಡು ಆಡುತ್ತವೆ, ಕೊನೆಗೆ ಯಾರೂ ಗೆಲ್ಲದೆ ಎರಡೂ ಕಡೆಯವರು ಸುಸ್ತಾಗಿ ಒಂದೇ ಸ್ವರಕ್ಕೆ ಬರುತ್ತಾರೆ. ಕೆಲಸದಿಂದ ನಿವೃತ್ತರಾದವರಿಗೆ ‘ಮೆಟ್ಟಿಲಿನದು’. “ಇದ್ರಲ್ಲಿ ಹತ್ತೋದೇ ಇಲ್ಲ, ಬರೀ ಇಳಿಯೋದು. ಆದ್ರೆ ಎಷ್ಟು ಗತ್ತಿನಿಂದ ಇಳೀತಾರೆ ಕೇಳಿ,” ಎಂದು ಒಬ್ಬ ಬ್ಯಾಂಕಿನವರಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಆ ಮನುಷ್ಯ ಮುಖ ಗಂಟಿಕ್ಕಿಕೊಂಡು ಕೊಂಡುಹೋದರು. ಮುಂದಿನ ವಾರ ಬಂದು ಅದೇ ಮೇಷ್ಟ್ರದ್ದು ಇನ್ನೊಂದು ಕೊಡಿ ಎಂದರು.

ಬೇರೆಯವರ ಕೈಯಲ್ಲಿ ಇದೇ ಕೃತಿಗಳು ಇನ್ನೂ ಚೆನ್ನಾಗಿವೆ ಎಂದು ಯಾರಾದರೂ ತಿಳಿದವರು ವಾದಕ್ಕೆ ಬಂದರೆ ಅವಳು ಒಪ್ಪುತ್ತಿರಲಿಲ್ಲ, ಜಗಳವಾಡುತ್ತಲೂ ಇರಲಿಲ್ಲ. “ಅವರು ಸರಿಯಾಗಿ ಬಾರಿಸ್ತಾರೆ. ನಮ್ಮ ಮೇಷ್ಟ್ರು ನಮಗಾಗಿ ಬಾರಿಸ್ತಾರೆ,” ಎಂದಷ್ಟೇ ಹೇಳಿ, ಕಟ್ಟಕಡೆಯ ಅಸ್ತ್ರವೆಂಬಂತೆ ‘ಗುನುಗಿನದು’ ತೆಗೆಯುತ್ತಿದ್ದಳು.

ಯಾರೇ ಆಗಲಿ ಕೊನೆಗೆ ಬಂದು ಸೇರಬೇಕಾದ ರೆಕಾರ್ಡು ಅದು. ನಾನು ಸಾವಿರ ಸಲ ಕೇಳಿದ್ದೇನೆ, ಇಷ್ಟವಿದ್ದೋ ಇಲ್ಲದೆಯೋ. ಎರಡನೆಯ ಭಾಗ ತುಂಬ ನಿಧಾನದ್ದು. ತಂತಿಗಳೆಲ್ಲ ಒಂದೊಂದಾಗಿ ತೆಳುವಾಗುತ್ತಾ ಹೋಗಿ ಕೊನೆಗೆ ಒಂದು ಕೊಳಲು ಮಾತ್ರ ಉಳಿಯುತ್ತದೆ. ಅದು ಉಸಿರು ಬಿಟ್ಟ ಮೇಲೆ, ತಂತಿಗಳು ತಿರುಗಿ ಬರುವುದಕ್ಕೆ ಸ್ವಲ್ಪ ಮೊದಲು, ತಗ್ಗು ದನಿಯಲ್ಲಿ ಯಾರೋ ಗುನುಗುವುದು ಕೇಳಿಸುತ್ತದೆ. ಮುಂದೆ ಬರಲಿರುವ ರಾಗವನ್ನು ತಡೆಯಲಾರದೆ ಮೊದಲೇ ಹೇಳಿಬಿಟ್ಟ ಹಾಗೆ. ಆ ಜಾಗ ಬಂದಾಗ ಚಿಕ್ಕಮ್ಮ ಕಣ್ಣು ಮುಚ್ಚಿ ತೋರುಬೆರಳು ಎತ್ತುತ್ತಿದ್ದಳು.

“ಬಂತು. ಮೇಷ್ಟ್ರು. ಕೈಯಲ್ಲಿ ಹಿಡಿಸಲಿಲ್ಲ, ಬಾಯಿಗೆ ಬಂದ್ಬಿಡ್ತು.”

ಇದು ಅವಳ ಊಹೆಯಲ್ಲ. ಮೇಷ್ಟ್ರೇ ರೇಡಿಯೋದಲ್ಲಿ ಒಮ್ಮೆ ಹೇಳಿದ್ದರು, ಒಳಗೆ ತುಂಬಿ ಬಂದಾಗ ತುಟಿ ನನ್ನ ಮಾತು ಕೇಳುವುದಿಲ್ಲ, ಏನು ಮಾಡಲಿ ಎಂದು. ಆ ಮಾತನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ನಮ್ಮ ಬೀದಿಯ ಹಲ್ಲಿನ ಡಾಕ್ಟರಿಂದ ಹಿಡಿದು ಚಪ್ಪಲಿ ಅಂಗಡಿಯವರವರೆಗೆ, ಆ ಗುನುಗು ಮೇಷ್ಟ್ರದ್ದೆಂದು ತಿಳಿಯದ ಮನೆಯಿರಲಿಲ್ಲ. ಅಷ್ಟು ಜನಕ್ಕೆ ಅದನ್ನು ಕಿವಿ ಹಿಡಿದು ಕೇಳಿಸಿದವಳು ಅವಳೇ.

ಇನ್ನು ಮನೆಯಲ್ಲಿದ್ದ ಗಂಡಸು. ನಮ್ಮ ಚಿಕ್ಕಪ್ಪ ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಸೋಫಾ, ಕುರ್ಚಿಗಳಿಗೆ ಬಟ್ಟೆ ಬದಲಾಯಿಸುವ ಕೆಲಸ. ಆ ಕೆಲಸದವರದ್ದೊಂದು ಅಭ್ಯಾಸವಿದೆ. ಒಂದು ಕೈಯಲ್ಲಿ ಬಟ್ಟೆ ಬಿಗಿಹಿಡಿದು ಇನ್ನೊಂದರಲ್ಲಿ ಸುತ್ತಿಗೆ ಹಿಡಿಯಬೇಕಾದ್ದರಿಂದ ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡಿರುತ್ತಾರೆ. ನಾಲಗೆಯಿಂದ ಒಂದೊಂದಾಗಿ ತುಟಿಗೆ ತಂದು, ಅಲ್ಲಿಂದ ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ ಹೊಡೆಯುತ್ತಾರೆ. ಹಾಗಾಗಿ ಹಗಲೆಲ್ಲ ಚಿಕ್ಕಪ್ಪ ಮಾತಾಡುವಂತಿರಲಿಲ್ಲ, ಸಂಜೆ ಮೊಳೆ ಉಗಿದ ಮೇಲೂ ಮಾತಾಡುತ್ತಿರಲಿಲ್ಲ. “ಗುಮ್ಮನಗುಸಕನ್ನ ಕಟ್ಕೊಂಡೆ ಕಣೆ. ಈ ಮನೇಲಿ ನಲ್ಲಿಯಾದ್ರೂ ಒಂಚೂರು ಸದ್ದು ಮಾಡುತ್ತೆ,” ಎಂದು ಚಿಕ್ಕಮ್ಮ ಅವರ ಎದುರಿಗೇ ಹೇಳುತ್ತಿದ್ದಳು. ಅವರು ತಟ್ಟೆಯಿಂದ ತಲೆ ಎತ್ತದೆ ಊಟ ಮಾಡುತ್ತಿದ್ದರು.

ಮದುವೆಗೆ ಮುಂಚೆ ಅವರು ಮೇಷ್ಟ್ರ ವೃಂದದಲ್ಲೇ ಡಬಲ್ ಬೇಸ್ ಬಾರಿಸುತ್ತಿದ್ದರು. ಆಳೆತ್ತರದ ಪಿಟೀಲು ಎನ್ನಬಹುದಾದ ಆ ವಾದ್ಯದವರು ನಿಲ್ಲುವುದು ಹಿಂದಿನ ಸಾಲಿನಲ್ಲಿ. ಭುಜದ ನೋವಿಗೆ ಬಿಟ್ಟೆ ಎಂದು ಅವರು ಹೇಳಿದ್ದನ್ನು ಎಲ್ಲರೂ ನಂಬಿದ್ದೆವು. ಚಿಕ್ಕಮ್ಮನ ಪಾಲಿಗೆ ಮೇಷ್ಟ್ರ ಜೊತೆ ಬಾರಿಸಿದ್ದೇ ಅವರ ಬಹು ದೊಡ್ಡ ಹೆಚ್ಚುಗಾರಿಕೆ. ಮೇಷ್ಟ್ರ ಬಗ್ಗೆ ಏನಾದರೂ ಹೇಳಿ ಎಂದು ದುಂಬಾಲು ಬಿದ್ದರೆ, “ಟೈಮಿಗೆ ಸರಿಯಾಗಿ ಬರ್ತಿದ್ರು,” ಎನ್ನುತ್ತಿದ್ದರು. ಗುನುಗಿನದನ್ನು ರೆಕಾರ್ಡು ಮಾಡಿದ ದಿನ ನೀವು ಅಲ್ಲೇ ಇದ್ದಿರಲ್ಲ, ಅದು ನಿಮಗೆ ಕೇಳಿಸಿತಾ ಎಂದು ಅವಳು ಎಷ್ಟು ಸಲ ಕೇಳಿದ್ದಳೋ. “ಕೇಳಿಸ್ತಿತ್ತು,” ಎಂಬ ಒಂದೇ ಉತ್ತರ.

ಅವರಿಬ್ಬರ ಮೊದಲ ಭೇಟಿಯಾದದ್ದೂ ಆ ರೆಕಾರ್ಡಿನಿಂದಲೇ. ವೃಂದ ಬಿಟ್ಟ ಹೊಸದರಲ್ಲಿ ಚಿಕ್ಕಪ್ಪ ತಮ್ಮ ಕಮಾನು ಮಾರಲೆಂದು ಅಂಗಡಿಗೆ ಬಂದಿದ್ದರಂತೆ. ಒಳಗಿನಿಂದ ಆ ನಿಧಾನದ ಭಾಗ ಕೇಳಿಸಿತು. ಹಿಂದೆ ಹೋಗಿ ನಿಂತರು. ಒಬ್ಬ ಹುಡುಗಿ ಕಣ್ಣು ಮುಚ್ಚಿಕೊಂಡು ಬೆರಳು ಎತ್ತಿ ಗಿರಾಕಿಯೊಬ್ಬರಿಗೆ, ಇಂಥ ಮನುಷ್ಯ ಎಲ್ಲಿದ್ದಾನೆ ಹೇಳಿ ಎನ್ನುತ್ತಿದ್ದಳು. ಮಾರನೆಯ ದಿನವೂ ಬಂದರು. ಅದೇ ರೆಕಾರ್ಡನ್ನು ಅವಳಿಂದಲೇ ಕೊಂಡರು. ಮೇಷ್ಟ್ರೇ ನಮಗೆ ಮದುವೆ ಮಾಡಿಸಿದರು ಎಂದು ಚಿಕ್ಕಮ್ಮ ಈ ಕಥೆಯನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಹೀಗಿರುವಾಗ ಮೇಷ್ಟ್ರ ಹಳೆಯ ರೆಕಾರ್ಡುಗಳನ್ನೆಲ್ಲ ಸೇರಿಸಿ ಹೊಸ ಪೆಟ್ಟಿಗೆಯೊಂದು ಹೊರಬಂತು. ಮುಪ್ಪಿನಲ್ಲಿದ್ದ ಮೇಷ್ಟ್ರು ಊರೂರು ಸುತ್ತಿ ಅದಕ್ಕೆ ಸಹಿ ಹಾಕುತ್ತಿದ್ದರು, ನಮ್ಮ ಊರಿಗೂ ಬರುವುದಾಯಿತು. ಅಂಗಡಿಯ ಯಜಮಾನರು ಚಿಕ್ಕಮ್ಮನನ್ನು ಕರೆದು, ಮೇಷ್ಟ್ರ ಮುಂದೆಯೇ ಅವರ ರೆಕಾರ್ಡುಗಳಲ್ಲಿ ನಿಮ್ಮ ಮೆಚ್ಚಿನವು ಯಾವುವೆಂದು ನೀವೇ ಜನರಿಗೆ ಹೇಳಬೇಕು ಎಂದರು. ಅವತ್ತಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ನನ್ನಿಂದ ಹೊಸ ಚೌಕಟ್ಟಿನ ಕನ್ನಡಕ ಮಾಡಿಸಿಕೊಂಡಳು. ಮೇಷ್ಟ್ರು ಕೂರಲೆಂದು ಅಂಗಡಿಯ ಹಳೆಯ ಆರಾಮಕುರ್ಚಿಗೆ ಹಸಿರು ಬಟ್ಟೆ ಹಾಕಿಕೊಡಲು ಚಿಕ್ಕಪ್ಪನಿಗೆ ಹೇಳಿದಳು.

ಚಿಕ್ಕಪ್ಪ ಕುರ್ಚಿಯನ್ನೇನೋ ಅಚ್ಚುಕಟ್ಟಾಗಿ ಮಾಡಿದರು. ತಾವು ಮಾತ್ರ ಬರುವುದಿಲ್ಲ ಎಂದರು. ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

“ಅವರ ಕೈಕೆಳಗೆ ಬಾರಿಸಿದೋರು. ಒಂದು ನಮಸ್ಕಾರ ಹೇಳೋಕೂ ಬರಲ್ವಾ? ನನ್ನ ಮರ್ಯಾದೆ ಏನಾಗಬೇಕು?” ಎಂದಳು ಚಿಕ್ಕಮ್ಮ.

“ಅವರಿಗೆ ನನ್ನ ನೆನಪಿರಲ್ಲ.”

“ನಾನು ನೆನಪು ಮಾಡ್ತೀನಿ.”

ಕೊನೆಗೆ ಕುರ್ಚಿ ಹೊತ್ತು ತರುವ ನೆಪದಲ್ಲಿ ಬಂದರು. ಬಂದವರು ಹಿಂದುಗಡೆ, ಹಲಗೆಗಳ ಸಂದಿಯಲ್ಲಿ ನಿಂತುಬಿಟ್ಟರು.

ಚಿಕ್ಕಮ್ಮ ಅವತ್ತು ಚೆನ್ನಾಗಿಯೇ ಮಾತಾಡಿದಳು. ಜಗಳದ್ದು, ಮೆಟ್ಟಿಲಿನದು ಎಂಬ ಹೆಸರುಗಳನ್ನು ಕೇಳಿ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಕಡೆಯಲ್ಲಿ ಅವಳು ಗುನುಗಿನದನ್ನು ಇಟ್ಟಳು. ಆ ಜಾಗ ಬಂತು, ಬೆರಳು ಎತ್ತಿದಳು. ಮೇಷ್ಟ್ರು ತಲೆ ಬಗ್ಗಿಸಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಜನ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನ ಕಣ್ಣಲ್ಲಿ ನೀರಿತ್ತು.

ಸಹಿಗೆ ಸಾಲುಗಟ್ಟಿದ ಜನ ಕರಗಿದ ಮೇಲೆ ಅವಳು ಚಿಕ್ಕಪ್ಪನ ತೋಳು ಹಿಡಿದು ಮೇಜಿನ ಮುಂದೆ ಎಳೆತಂದಳು. ನಾನು ಪಕ್ಕದಲ್ಲೇ ಪೆಟ್ಟಿಗೆ ಹಿಡಿದು ನಿಂತಿದ್ದೆ. “ಇವರು ನಮ್ಮ ಯಜಮಾನ್ರು. ನಿಮ್ಮ ಹತ್ರ ಬೇಸ್ ಬಾರಿಸ್ತಿದ್ರು,” ಎಂದಳು.

ಮೇಷ್ಟ್ರು ಪೆನ್ನು ಕೆಳಗಿಟ್ಟು ಕತ್ತೆತ್ತಿ ನೋಡಿದರು. ಮುಖ ಅರಳಿತು. “ಹಿಂದಿನ ಸಾಲಿನ ಉದ್ದನೆ ಆಸಾಮಿ ಅಲ್ವೇ? ಈಗಲೂ ಗುನುಗ್ತೀಯೇನಯ್ಯಾ?”

“ಇಲ್ಲ ಸಾರ್,” ಎಂದರು ಚಿಕ್ಕಪ್ಪ.

ಚಿಕ್ಕಮ್ಮ ನಕ್ಕಳು. “ಇವರು ಗುನುಗೋದಾ? ನೀವು ಬೇರೆ ಯಾರನ್ನೋ ಅಂದ್ಕೊಂಡ್ರಿ.”

“ಬೇರೆ ಯಾರೂ ಅಲ್ಲಮ್ಮ. ಬೇಡ ಬೇಡ ಅಂದ್ರೂ ಬಿಡ್ತಿರಲಿಲ್ಲ ಈ ಮಹಾಶಯ. ಈ ತಟ್ಟೇಲಿ ಇರೋದು ಇವನೇ ಅಲ್ವಾ? ಕಂಪನಿಯೋರು ಇನ್ನೊಂದು ಸಲ ರೆಕಾರ್ಡ್ ಮಾಡೋಕೆ ಒಪ್ಪಲಿಲ್ಲ. ಮಾರನೇ ದಿನವೇ ಇವನನ್ನ ಮನೆಗೆ ಕಳಿಸಬೇಕಾಯ್ತು.”

“ನೀವು ರೇಡಿಯೋದಲ್ಲಿ ಹೇಳಿದ್ರಿ,” ಎಂದಳು ಚಿಕ್ಕಮ್ಮ.

“ಜನಕ್ಕೆ ಇಷ್ಟ ಆಗ್ಬಿಡ್ತಲ್ಲ. ಕೇಳಿದೋರಿಗೆಲ್ಲ ಬಿಡಿಸಿ ಹೇಳ್ತಾ ಕೂರೋಕಾಗುತ್ತಾ?” ಎಂದು ಮೇಷ್ಟ್ರು ಪೆನ್ನು ಎತ್ತಿಕೊಂಡು ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಯಾರ ಹೆಸರಿಗೆ ಬರೀಲಮ್ಮ?”

ಆ ಮನುಷ್ಯನ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಹಳೆಯ ಪರಿಚಯದವನು ಸಿಕ್ಕಿದ ಖುಷಿ ಮಾತ್ರ ಇತ್ತು. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಒಬ್ಬನ ಅನ್ನ ಕಿತ್ತುಕೊಂಡು, ಅವನ ದನಿಯನ್ನೂ ತನ್ನದೆಂದು ಹೇಳಿಕೊಂಡು, ಅವನ ಹೆಂಡತಿಯ ಕೈಯಿಂದಲೇ ಊರಿಗೆಲ್ಲ ಹಂಚಿಸಿದವನಿಗೆ ಸ್ವಲ್ಪವಾದರೂ ಮುಜುಗರವಾಗಬೇಡವೇ? ಚಿಕ್ಕಮ್ಮ ಹೆಸರು ಹೇಳಲಿಲ್ಲ. ಮೇಷ್ಟ್ರು ಬರೀ ಸಹಿ ಹಾಕಿ ಕೊಟ್ಟರು.

ಅವರಿಬ್ಬರ ಜೊತೆ ನಾನೂ ಮನೆಗೆ ಹೋದೆ. ಬಿಟ್ಟು ಬರಲು ಧೈರ್ಯವಾಗಲಿಲ್ಲ. ಚಿಕ್ಕಮ್ಮ ಚಪ್ಪಲಿ ಕಳಚದೆ ಅಡುಗೆಮನೆಯ ಮೇಜಿನ ಮುಂದೆ ಕುಳಿತಳು.

“ಭುಜದ ನೋವು ಅಂದಿದ್ರಿ.”

“ಹೂಂ.”

“ಮೊದಲನೇ ದಿನ ಅಂಗಡೀಲಿ ನಾನು ಬೆರಳು ಎತ್ತಿದಾಗ ಹೇಳಬಹುದಿತ್ತಲ್ಲ, ಅದು ನಾನು ಅಂತ.”

ಚಿಕ್ಕಪ್ಪ ಎದುರಿನ ಕುರ್ಚಿ ಎಳೆದು ಕುಳಿತರು. ಆಮೇಲೆ ಅವರು ಆಡಿದಷ್ಟು ಮಾತನ್ನು ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿದ್ದೇ ಇಲ್ಲ. “ಅದು ತಪ್ಪು ಕಣೆ. ರೆಕಾರ್ಡಿಂಗಲ್ಲಿ ಉಸಿರು ಕೂಡ ಜೋರಾಗಿ ಬಿಡಬಾರದು. ಎಲ್ಲರ ಕೆಲಸ ಕೆಡಿಸಿದೆ ನಾನು. ಅವರು ಕಳಿಸಿದ್ದು ಸರಿ. ನಂಗೆ ನಾಚಿಕೆಯಾಗಿ ಆ ತಟ್ಟೆ ಕಂಡ್ರೆ ಆಗ್ತಿರಲಿಲ್ಲ. ಅವತ್ತು ನೀನು ಕಣ್ಣು ಮುಚ್ಕೊಂಡು ಅದನ್ನೇ ಹೊಗಳ್ತಾ ಇದ್ದೆ. ಏನು ಹೇಳಲಿ? ನಿನಗೆ ಆ ಮನುಷ್ಯ ಬೇಕಾಗಿದ್ದ. ನಾನು ಅಂದ್ರೆ ನಂಬ್ತಿದ್ಯಾ?”

“ಆಮೇಲೆ? ಮದುವೆ ಆದ್ಮೇಲೆ? ‘ಕೇಳಿಸ್ತಿತ್ತು’ ಅಂತಿದ್ರಲ್ಲ ಪ್ರತಿ ಸಲ.”

“ಕೇಳಿಸ್ತಾನೇ ಇತ್ತಲ್ಲ.”

“ಮೇಷ್ಟ್ರು ನನಗೇನೂ ಆಗಬೇಕಾದೋರಲ್ಲ,” ಎಂದಳು ಚಿಕ್ಕಮ್ಮ. “ಅವರು ಮೋಸ ಮಾಡಿದ್ರೆ ಮಾಡ್ಲಿ. ನೀವು ದಿನಾ ನನ್ನೆದುರಿಗೆ ಕೂತು ಊಟ ಮಾಡಿದೋರು. ನನ್ನ ಬಾಯಿಂದ ಊರಿಗೆಲ್ಲ ಸುಳ್ಳು ಹೇಳಿಸಿದ್ರಿ. ನನ್ನ ಗಂಡನ ದನಿನ ಇನ್ನೊಬ್ಬಂದು ಅಂತ ಹೊಗಳಿಸಿದ್ರಿ, ನನ್ನ ಕೈಲೇ.” ಆಮೇಲೆ, “ಒಂದ್ಸಲ ಗುನುಗಿ, ಕೇಳ್ತೀನಿ,” ಎಂದಳು.

ಚಿಕ್ಕಪ್ಪ ತಲೆಯಾಡಿಸಿದರು. “ಬರಲ್ಲ. ಬಿಟ್ಟು ಎಷ್ಟು ಕಾಲ ಆಯ್ತು.”

ಬಾಯಿ ತುಂಬ ಮೊಳೆಯಿರುವ ಕೆಲಸವನ್ನೇ ಅವರು ಹುಡುಕಿಕೊಂಡದ್ದು ಏಕೆಂದು ನನಗೆ ಹೊಳೆದದ್ದು ಆಗ.

ಪ್ರತಿ ತಿಂಗಳು ಅಂಗಡಿಯಲ್ಲಿ ಚಿಕ್ಕಮ್ಮನ ಗಿರಾಕಿಗಳು ಕೂಡಿ ರೆಕಾರ್ಡು ಕೇಳುವ ಸಂಜೆಯೊಂದಿರುತ್ತಿತ್ತು. ಮುಂದಿನ ಸಂಜೆಗೆ ನಿಜ ಹೇಳಿಬಿಡುತ್ತೇನೆ ಎಂದು ಅವಳು ನಿರ್ಧರಿಸಿದಳು. “ಸುಳ್ಳು ಹರಡಿದ್ದು ನಾನು. ತೆಗೀಬೇಕಾದ್ದೂ ನಾನೇ. ಅವರ ದನಿ ಅವರಿಗೆ ವಾಪಸ್ ಸಿಗಲಿ. ಅಷ್ಟಾದ್ರೆ ನಾನು ಎಲ್ಲಾನೂ ಹೊಟ್ಟೆಗೆ ಹಾಕ್ಕೊಳ್ತೀನಿ,” ಎಂದಳು ನನ್ನ ಹತ್ತಿರ. ಮನೆಯಲ್ಲಿ ಮಾತು ನಿಂತು ಹೋಗಿತ್ತು. ಆದರೂ ಅವತ್ತು ನೀವು ಬರಬೇಕು ಎಂದಾಗ ಚಿಕ್ಕಪ್ಪ ಇಲ್ಲವೆನ್ನಲಿಲ್ಲ.

ಅವತ್ತು ಅವಳು ಪೀಠಿಕೆ ಹಾಕದೆ ಗುನುಗಿನದನ್ನೇ ಇಟ್ಟಳು. ಕೊಳಲು ನಿಂತಿತು, ಬೆರಳು ಮೇಲೆ ಹೋಯಿತು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.

“ಇದು ಮೇಷ್ಟ್ರಲ್ಲ. ನಾನು ಇಷ್ಟು ದಿನ ತಪ್ಪು ಹೇಳಿದೀನಿ. ಇದು ನಮ್ಮ ಯಜಮಾನ್ರು.”

ಯಾರೋ ಮೆಲ್ಲಗೆ ನಕ್ಕರು, ಪ್ರೀತಿಯಿಂದಲೇ. ಹಲ್ಲಿನ ಡಾಕ್ಟರು ಮಗುವಿಗೆ ಬಾಯಿ ತೆಗೆಯಲು ಹೇಳುವ ದನಿಯಲ್ಲಿ, “ಯಜಮಾನರ ಮೇಲೆ ಅಭಿಮಾನ ಇರಬೇಕಾದ್ದೇ. ಆದ್ರೆ ಇದು ಮೇಷ್ಟ್ರೇ ಅಮ್ಮ. ಆ ದನೀಲಿ ಇರೋ ಎದೆ ಬೇರೆ ಯಾರಿಗೆ ಬರುತ್ತೆ? ಹೋದ ತಿಂಗಳು ಇಲ್ಲೇ ಅವರು ಎದೆ ಮುಟ್ಕೊಂಡಿದ್ದು ನಾವೆಲ್ಲ ನೋಡಿದೀವಿ. ನೀವೇ ತಾನೇ ನಮಗೆ ಕಲಿಸಿದ್ದು?” ಎಂದರು.

“ಮೇಷ್ಟ್ರೇ ನನಗೆ ಹೇಳಿದ್ರು,” ಎಂದಳು ಚಿಕ್ಕಮ್ಮ.

“ದೊಡ್ಡೋರು. ತಮಾಷೆ ಮಾಡಿರ್ತಾರೆ,” ಎಂದರು ಬ್ಯಾಂಕಿನವರು.

ನಾನೂ ಅಲ್ಲಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಎದ್ದು ನಿಂತೆ. ಅಕ್ಕನ ಮಗಳು, ಚಿಕ್ಕಮ್ಮನ ಪರ ಮಾತಾಡದೆ ಇನ್ನೇನು ಮಾಡುತ್ತಾಳೆ ಎಂಬ ನಗು ಎಲ್ಲರ ಮುಖದಲ್ಲಿತ್ತು. ಚಿಕ್ಕಮ್ಮ ಹಿಂದೆ ತಿರುಗಿದಳು. ಚಿಕ್ಕಪ್ಪ ಅದೇ ಹಲಗೆಗಳ ಸಂದಿಯಲ್ಲಿದ್ದರು.

“ರೀ. ಹೇಳ್ರೀ ಇವರಿಗೆ.”

ಎಲ್ಲರೂ ಅವರತ್ತ ನೋಡಿದರು. ಆ ಎತ್ತರದ ಮನುಷ್ಯ ತಲೆ ತಗ್ಗಿಸಿದರು. ಬಾಯಲ್ಲಿ ಅವತ್ತು ಮೊಳೆಯಿರಲಿಲ್ಲ.

“ಮೇಷ್ಟ್ರದ್ದೇ,” ಎಂದರು.

ನೋಡಿದಿರಾ ಎಂಬಂತೆ ಡಾಕ್ಟರು ಕೈ ಚಾಚಿದರು. ಜನ ಮತ್ತೆ ನಕ್ಕು, ಮುಂದಿನದು ಯಾವುದು ಎಂದು ಕೇಳಿದರು. ಚಿಕ್ಕಮ್ಮ ತಟ್ಟೆಯ ಮೇಲಿಂದ ಮುಳ್ಳು ಎತ್ತಿಟ್ಟಳು. ಬಂದವರನ್ನು ಅರ್ಧಕ್ಕೆ ಕಳಿಸುವುದು ಅವಳ ಜಾಯಮಾನವಲ್ಲ. ಜಗಳದ್ದು ಇಟ್ಟಳು, ಮೆಟ್ಟಿಲಿನದು ಇಟ್ಟಳು, ಕೊನೆಯವರೆಗೂ ಕುಳಿತಳು. ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಪ್ಪ, “ನಾನು ಹೌದು ಅಂದಿದ್ರೆ ಅಲ್ಲೇ ಗುನುಗಿ ತೋರಿಸು ಅಂತಿದ್ರು,” ಎಂದರು. ಅವಳು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಚಿಕ್ಕಪ್ಪನನ್ನು ಕಂಡರೆ ಅಯ್ಯೋ ಎನಿಸುತ್ತದೆ, ಸುಳ್ಳಾಡುವುದಿಲ್ಲ. ಆದರೆ ಅವತ್ತಿನ ಆ ಒಂದು ಮಾತಿಗೆ ನಾನು ಅವರನ್ನು ಕ್ಷಮಿಸಿಲ್ಲ. ಮೇಷ್ಟ್ರು ಗುನುಗನ್ನು ಕದ್ದರು. ಹೆಂಡತಿ ಊರ ಮುಂದೆ ನಿಂತು ಅದನ್ನು ಬಿಡಿಸಿಕೊಂಡು ಬಂದು ಕೈಗಿಟ್ಟರೆ, ಇವರು ತಾವಾಗಿಯೇ ಹಿಂದಕ್ಕೆ ಕೊಟ್ಟುಬಿಟ್ಟರು.

ಚಿಕ್ಕಮ್ಮ ಈಗಲೂ ಅಂಗಡಿಗೆ ಹೋಗುತ್ತಾಳೆ. ಮೇಷ್ಟ್ರ ಫೋಟೋ ಗೋಡೆಯ ಮೇಲೇ ಇದೆ, ತೆಗೆಯುವಷ್ಟು ಸಿಟ್ಟೂ ಅವಳಿಗೆ ಉಳಿದಿಲ್ಲ. ನಿದ್ದೆ ಬರುತ್ತಾ ಎಂದು ಯಾರನ್ನೂ ಕೇಳುವುದಿಲ್ಲ. ಮೇಷ್ಟ್ರದ್ದು ಒಳ್ಳೆಯದು ಯಾವುದು ಎಂದು ಬಂದವರಿಗೆ ಹಲಗೆಯ ಕಡೆ ಕೈ ತೋರಿಸುತ್ತಾಳೆ. ಮೊನ್ನೆ ಅವಳ ಮುಖದಲ್ಲಿ ಒಂದಿಷ್ಟು ಹಳೆಯ ಕಳೆ ಬರಲೆಂದು ನಾನೇ ಗಿರಾಕಿಯಂತೆ ಹೋಗಿ ಕುರ್ಚಿಯಲ್ಲಿ ಕುಳಿತೆ.

“ನಂಗೂ ಒಂದು ಕೊಡು ಚಿಕ್ಕಮ್ಮ. ಇಷ್ಟು ವರ್ಷ ಬಿಟ್ಟಿ ಕೇಳಿದೀನಿ. ಯಾವುದು ತಗೊಳ್ಳಲಿ ಹೇಳು.”

ಅವಳು ಬ್ರಶ್ಶು ಕೆಳಗಿಡದೆ, “ಕಿಟಕಿ ಹತ್ತಿರ ಇರೋದ್ರಲ್ಲಿ ಯಾವುದಾದ್ರೂ ತಗೋ. ಗುನುಗಿನದು ಬೇಡ,” ಎಂದಳು.

“ಅದು ನಮ್ಮ ಚಿಕ್ಕಪ್ಪಂದು. ನಾನಲ್ಲದೆ ಇನ್ಯಾರು ತಗೋಬೇಕು?”

ಚಿಕ್ಕಮ್ಮ ಕೈಯಲ್ಲಿದ್ದ ತಟ್ಟೆಯನ್ನು ಬೆಳಕಿಗೆ ಹಿಡಿದು ಧೂಳು ನೋಡಿದಳು, ಆಮೇಲೆ ಲಕೋಟೆಯೊಳಗೆ ತೂರಿಸಿದಳು.

“ಅದ್ರಲ್ಲಿ ಗುನುಗ್ತಾ ಇರೋನು ನಮ್ಮನೆಗೆ ಯಾವತ್ತೂ ಬರಲೇ ಇಲ್ಲ ಕಣೆ,” ಎಂದಳು.